ಮಂಗಳೂರು ಕೋಟೆಯ ಮುತ್ತಿಗೆಯೂ ವಾಯಿದೆಯೂ

ದಂಡು ಹಿಂದಿರುಗತಕ್ಕ ದಿನವನ್ನು ಮುಂಚಿತವಾಗಿಯೇ ಸಾರಿಬಿಟ್ಟರೆ ಸಿಪಾಯಿಯ ಧೈರ್ಯವು ಏನಾಗುವುದೆಂಬ ಪ್ರಶ್ನೆಯು ನಮ್ಮ ದೇಶದಲ್ಲಿ 1989ರಲ್ಲಿ ಬಲವಾಗಿ ಎದ್ದಿತು. ಶ್ರೀಲಂಕೆಯಲ್ಲಿದ್ದ ಭಾರತದ ಶಾಂತಿಪಾಲನಾ ಪಡೆಯು ಜುಲೈ 29ರೊಳಗೆ ತೆರಳಬೇಕೆಂದು ಅಲ್ಲಿಯ ಅಧ್ಯಕ್ಷ ಪ್ರೇಮದಾಸರು ಆ ವರ್ಷದ ಜೂನ್ 1ರಂದು ಬಹಿರಂಗವಾಗಿ ಹೇಳಿದರು. ವಾಯಿದೆಯು ಡಿಸೆಂಬರ್ 31ಕ್ಕೆ ಮುಂದುವರಿಯಿತು. ಕಡೆಯ ತುಕಡಿಯು ಹಡಗು ಹತ್ತಿದ್ದು 1990ರ ಮಾರ್ಚ್ 24ರಂದು. ತಾನು ಹೊರಡುವ ದಿನವು ಹಗೆಗೂ ತಿಳಿದಿರುವಾಗ ಕಾವಲಿಗೆ ನಿಂತವನ ಮನಸ್ಸು ಸಡಿಲವಾಗುವುದು ಸಹಜವೆಂದು ನಾವು ಸುಲಭವಾಗಿ ತೀರ್ಮಾನಿಸುತ್ತೇವೆ. ಆದರೆ ಇದಕ್ಕೆ ಇನ್ನೂರು ವರ್ಷಗಳಿಗೂ ಹಿಂದೆ, ನಮ್ಮ ಜಯಪುರದ ಸೀಮೆಯಿಂದ ಘಟ್ಟವಿಳಿದರೆ ಸಿಕ್ಕುವ ಮಂಗಳೂರಿನಲ್ಲಿ ನಡೆದ ಸಂಗತಿಯನ್ನು ನೋಡಿದರೆ, ದಿನವು ಗೊತ್ತಿರುವುದಕ್ಕಿಂತ ಗೊತ್ತಿಲ್ಲದಿರುವುದೇ ಹೆಚ್ಚಿನ ಕೇಡೆಂದು ನನಗೆ ತೋರುತ್ತದೆ.

ಹೈದರಾಲಿಯು 1782ರ ಡಿಸೆಂಬರಿನಲ್ಲಿ ತೀರಿಕೊಂಡನಷ್ಟೆ. ಮರುವರ್ಷದ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನು ಕರಾವಳಿಯಿಂದ ಘಟ್ಟವೇರಿ ಬಿದನೂರನ್ನು ಹಿಡಿದನು. ಟೀಪುವು ಏಪ್ರಿಲ್ ಕೊನೆಯ ವೇಳೆಗೆ ಅದನ್ನು ಮರಳಿ ಪಡೆದು, ಮೇ ತಿಂಗಳಲ್ಲಿ ದೊಡ್ಡ ದಂಡಿನೊಡನೆ ಮಂಗಳೂರಿಗೆ ಇಳಿದನು. ಕೋಟೆಯಲ್ಲಿದ್ದವನು ಕರ್ನಲ್ ಕ್ಯಾಂಬೆಲನು. ಅವನ ಕೈಯಲ್ಲಿ ಸುಮಾರು 700 ಮಂದಿ ಯೂರೋಪಿಯನರೂ 2,800ರಷ್ಟು ಸಿಪಾಯಿಗಳೂ ಇದ್ದರು. ಟೀಪುವಿನ ಕಡೆ ಕಾಸಿನ್ಯಿ ಎಂಬ ದಳವಾಯಿಯ ಕೈಕೆಳಗೆ ಫ್ರೆಂಚ್ ಪಡೆಯೂ ಇದ್ದಿತು. ಮುಂಗಾರು ಹಿಡಿಯಿತು. ಕರಾವಳಿಯ ಆಷಾಢದ ಮಳೆಯೆಂದರೇನೆಂಬುದನ್ನು ಮಲೆನಾಡಿನ ವಾಚಕರಿಗೆ ವರ್ಣಿಸಬೇಕಾಗಿಲ್ಲ. ಆ ಮಳೆಯಲ್ಲಿ ಫಿರಂಗಿಗಳ ಹೊಡೆತಕ್ಕೆ ಗೋಡೆಗಳು ಬಿರಿದವು; ಲಗ್ಗೆಯ ಮೇಲೆ ಲಗ್ಗೆಯಾಯಿತು. ಒಳಗಿನವರು ಪ್ರತಿಯೊಂದನ್ನೂ ಹಿಮ್ಮೆಟ್ಟಿಸಿದರು.

ಅಷ್ಟರಲ್ಲಿ, ಆಂಗ್ಲೇಯರಿಗೂ ಫ್ರೆಂಚರಿಗೂ ಯೂರೋಪಿನಲ್ಲಿ 1783ರ ಜನವರಿ 20ರಂದೇ ಸಂಧಿಯ ಕರಾರುಗಳಾಗಿದ್ದುವೆಂಬ ವರ್ತಮಾನವು ಜುಲೈ ತಿಂಗಳಲ್ಲಿ ಬಂದು ಮುಟ್ಟಿತು. ಇಷ್ಟು ದಿನ ಸತ್ತವರೆಲ್ಲರೂ ಸಂಧಿಯಾದ ಮೇಲೆ ಸತ್ತವರೆಂದಾಯಿತು! ಕಾಸಿನ್ಯಿಯು ತನ್ನವರನ್ನು ಕಂದಕಗಳಿಂದ ಹಿಂದಕ್ಕೆ ಕರೆದುಕೊಂಡನು. ಟೀಪುವು ಕೋಪಗೊಂಡನು; ಒತ್ತಾಯವೂ ನಡೆಯಲಿಲ್ಲ. ತಮ್ಮ ಯುದ್ಧವು ಮುಗಿದಿದೆಯೆಂದು ತಿಳಿದವರು ಪರರ ಯುದ್ಧದಲ್ಲಿ ಗುಂಡಿಗೆ ಎದೆಯೊಡ್ಡಲಿಲ್ಲ. ಇದನ್ನು ಹೇಡಿತನವೆನ್ನುವುದು ನ್ಯಾಯವಲ್ಲ. ಕೆಲವು ವಾರಗಳ ಹಿಂದೆ ಇದೇ ಜನರು ಅದೇ ಕಂದಕಗಳಲ್ಲಿ ನಿಂತು ಕಾದಿದ್ದರು. ಆದರೆ ಮಿತ್ರನಿಗೆ ಇದು ದ್ರೋಹವಾಗಿ ಕಂಡಿದ್ದರೆ ಅದರಲ್ಲಿಯೂ ಆಶ್ಚರ್ಯವಿಲ್ಲ. ಶ್ರೀಲಂಕೆಯಲ್ಲಿಯೂ ಪಡೆಗಳು ಹಿಂದೆಗೆಯುತ್ತ ಬಂದಂತೆ, ಭಾರತದ ಆಸರೆಯಿಂದ ಆಯುಧ ಹಿಡಿದಿದ್ದ ಸ್ಥಳೀಯ ತಮಿಳು ತರುಣರು ಹುಲಿಗಳ ಕೈಗೆ ಸಿಕ್ಕಿದರು.

ಆಗಸ್ಟ್ 2ರಂದು ಮಂಗಳೂರಿನಲ್ಲಿ ಕದನವಿರಾಮವಾಯಿತು. ಕೋಟೆಯವರಿಗೆ ಬಜಾರು ನಡೆಯಗೊಡಬೇಕೆಂಬುದು ಅದರ ಕರಾರು. ಫ್ರೆಂಚರ ಸಂಧಿಯಲ್ಲಿ ಒಂದು ವಾಯಿದೆಯೂ ಇದ್ದಿತು: ಇಂಡಿಯಾದಲ್ಲಿನ ಮಿತ್ರರಾಜರು ತಿಳಿವಳಿಕೆ ಬಂದ ನಾಲ್ಕು ತಿಂಗಳೊಳಗಾಗಿ ಸಂಧಿಗೆ ಸೇರಬೇಕು; ಸೇರದವರಿಗೆ ಯಾವ ಸಹಾಯವನ್ನೂ ಮಾಡತಕ್ಕದ್ದಲ್ಲ. ಆದರೆ ಆ ವಾಯಿದೆಯು ರಾಜರಿಗೆ ಸೇರಿದುದು. ಕೋಟೆಯೊಳಗಿದ್ದ ಸಿಪಾಯಿಗೆ ಇಂಥ ದಿನ ಹೊರಡುವೆಯೆಂದು ಹೇಳುವವರು ಯಾರೂ ಇರಲಿಲ್ಲ.

ಇಲ್ಲಿಂದ ಮುಂದಿನ ಕಥೆಯು ಲಗ್ಗೆಗಳ ಕಥೆಗಿಂತ ದಾರುಣವಾದುದು. ಬಜಾರು ದಿನದಿನಕ್ಕೆ ಬಿಗಿಯಾಗಿ, ಬರಬೇಕಾದ ಧಾನ್ಯವು ಬರದೆ ಹೋಯಿತು. ಒಸಡು ಕೊಳೆಯುವ ರೋಗವು ಹಬ್ಬಿತು. ಎಷ್ಟೋ ಸಿಪಾಯಿಗಳಿಗೆ ಕಣ್ಣು ಕಾಣದಾಯಿತು. ಬಂದೂಕು ಹಿಡಿದು ನಿಲ್ಲುವ ಶಕ್ತಿಯೂ ಉಳಿಯಲಿಲ್ಲ. ಕೆಲವರು ಕೋಟೆ ಬಿಟ್ಟು ಹೋದರು. ನವೆಂಬರ್ ಕೊನೆಯಲ್ಲಿ ಜನರಲ್ ಮ್ಯಾಕ್ಲಿಯೋಡನ ಹಡಗುಗಳು ಕಡಲಿನಲ್ಲಿ ಕಾಣಿಸಿಕೊಂಡಾಗ ಒಳಗಿನವರಿಗೆ ಎಂಥ ಆಸೆ ಹುಟ್ಟಿರಬೇಕು! ಆತನು ದಂಡನ್ನು ಇಳಿಸಲಿಲ್ಲ. ಕದನವಿರಾಮವನ್ನು ಮುರಿಯಲು ಒಪ್ಪದೆ, ಒಂದಿಷ್ಟು ಆಹಾರದ ಏರ್ಪಾಡು ಮಾಡಿ ಹೊರಟುಹೋದನು. ಬಂದ ಸಾಮಗ್ರಿಯಲ್ಲಿ ಬಹಳಷ್ಟು ಕೆಟ್ಟುಹೋದುದಾಗಿದ್ದಿತು.

ಈ ಜನರನ್ನು ಕೆಡಿಸಿದ್ದು ಹಸಿವೇ ಹೊರತು ಕಾಯುವಿಕೆಯಲ್ಲವೆಂದು ಯಾರಾದರೂ ವಾದಿಸಬಹುದು. ಹಸಿವಿನ ಪಾಲೇ ಹೆಚ್ಚೆಂಬುದರಲ್ಲಿ ಸಂದೇಹವಿಲ್ಲ. ಆದರೂ ಫಿರಂಗಿಯ ಮುಂದೆ ಎರಡು ತಿಂಗಳು ನಿಂತ ಜನವು ಫಿರಂಗಿಯು ಮೌನವಾದ ಮೇಲೆ ಆರು ತಿಂಗಳಲ್ಲಿ ಕುಸಿಯಿತೆಂಬುದನ್ನು ಮರೆಯುವಂತಿಲ್ಲ. ಲಗ್ಗೆಯ ದಿನಗಳಲ್ಲಿ ಸಿಪಾಯಿಗೆ ಮಾಡುವುದಕ್ಕೆ ಕೆಲಸವಿದ್ದಿತು. ವಿರಾಮದಲ್ಲಿ ಅವನು ಹೋರಾಡುವಂತೆಯೂ ಇರಲಿಲ್ಲ, ಹೊರಡುವಂತೆಯೂ ಇರಲಿಲ್ಲ. ಪಡಿ ಎಷ್ಟು ದಿನಕ್ಕೆ ಹಂಚಿಕೊಳ್ಳಬೇಕೆಂದು ತಿಳಿಯದವನಿಗೆ ಹಿಡಿ ಅಕ್ಕಿಯೂ ಚಿಂತೆಯೇ ಆಗುತ್ತದೆ.

1784ರ ಜನವರಿ 30ರಂದು ಕ್ಯಾಂಬೆಲನು ಕೋಟೆಯನ್ನು ಒಪ್ಪಿಸಿದನು. ಉಳಿದವರು ಆಯುಧಗಳೊಡನೆ ತಲಚೇರಿಗೆ ಹೋಗಲು ಅಪ್ಪಣೆಯಾಯಿತು. ಟೀಪುವಿಗೂ ಆಂಗ್ಲೇಯರಿಗೂ ಮಂಗಳೂರಿನಲ್ಲಿ ಸಂಧಿಯಾದದ್ದು ಮಾರ್ಚ್ 11ರಂದು. ಗೆದ್ದ ಸೀಮೆಗಳನ್ನು ಇಬ್ಬರೂ ಹಿಂದಕ್ಕೆ ಕೊಟ್ಟರು. ಕ್ಯಾಂಬೆಲನು ಅದೇ ತಿಂಗಳ 23ರಂದು ಬೊಂಬಾಯಿಯಲ್ಲಿ ತೀರಿಕೊಂಡನು.