ಮಹಾವೀರಾಚಾರ್ಯರ ಸುವರ್ಣಗಣಿತ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯು (ಕ್ರಿ.ಶ. 814–878) ಕನ್ನಡ ನಾಡಿನ ವಿದ್ಯಾವೈಭವದ ಕಾಲ. ‘ಕವಿರಾಜಮಾರ್ಗ’ವು ಹುಟ್ಟಿದುದೂ, ಶಾಕಟಾಯನರು ವ್ಯಾಕರಣವನ್ನು ರಚಿಸಿದುದೂ ಆಗಲೇ. ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿ ಆ ವೈಭವವನ್ನು ಪೂರ್ಣಗೊಳಿಸಿದರು. ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತವು ಜ್ಯೋತಿಶ್ಶಾಸ್ತ್ರದ ಅಂಗವಾಗಿತ್ತು. ಆಚಾರ್ಯರಾದರೋ ಗಣಿತಕ್ಕೇ ಮೀಸಲಾದ, ಸಾವಿರಕ್ಕೂ ಮಿಕ್ಕ ಪದ್ಯಗಳ ಗ್ರಂಥವನ್ನಿತ್ತರು.

ಕೂಡುವ ಮುನ್ನ ಸಮಗೊಳಿಸಬೇಕು ಎಂಬುದು ಅವರ ಭಿನ್ನಗಣಿತದ ಸಾರ. ಛೇದಗಳು ಬೇರೆಯಾದಾಗ ಅವುಗಳನ್ನೆಲ್ಲ ಗುಣಿಸಿ ದೊಡ್ಡ ಸಂಖ್ಯೆಯನ್ನು ಹೊರುವುದು ಅನಗತ್ಯ. ಅವುಗಳ ಲಘುತಮ ಸಾಮಾನ್ಯ ಗುಣಕವನ್ನು ಆಚಾರ್ಯರು ‘ನಿರುದ್ಧ’ವೆಂದು ಕರೆದು, ಅದನ್ನು ಪಡೆಯುವ ವಿಧಾನವನ್ನು ತಿಳಿಸಿದರು. ಆರನೆಯ ಒಂದು ಪಾಲಿಗೆ ಎಂಟನೆಯ ಒಂದು ಪಾಲನ್ನು ಕೂಡಲು 48 ಬೇಕಿಲ್ಲ, 24 ಸಾಕು. 4ಕ್ಕೆ 3 ಸೇರಿ 24ರಲ್ಲಿ 7 ಪಾಲಾಗುವುದು. ಇಂದು ಬೀಜಗಣಿತದಲ್ಲಿ ಅವ್ಯಕ್ತರಾಶಿಗಳುಳ್ಳ ಭಿನ್ನಗಳನ್ನು ಕೂಡುವ ಕ್ರಮವೂ ಇದೇ.

ಸರಾಸರಿಯ ವಿಚಾರವು ಮಿಶ್ರಕ ವ್ಯವಹಾರದ ‘ಸುವರ್ಣಕುಟ್ಟೀಕಾರ’ದಲ್ಲಿ ಬರುತ್ತದೆ. ಆ ಕಾಲದಲ್ಲಿ ಅಪ್ಪಟ ಚಿನ್ನಕ್ಕೆ 16 ವರ್ಣ. ಬೇರೆ ಬೇರೆ ವರ್ಣದ ಚಿನ್ನವನ್ನು ಒಟ್ಟಿಗೆ ಕರಗಿಸಿದರೆ ಗಟ್ಟಿಯ ವರ್ಣವೆಷ್ಟು? ಪ್ರತಿಯೊಂದರ ತೂಕವನ್ನು ಅದರ ವರ್ಣದಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿ, ಒಟ್ಟು ತೂಕದಿಂದ ಭಾಗಿಸಬೇಕು.

ಒಂದು ಲೆಕ್ಕದಿಂದ ಇದನ್ನು ತಿಳಿಯಬಹುದು. ಮೂವರು ಪಾಲುಗಾರರು 10 ವರ್ಣದ 10 ಗದ್ಯಾಣ, 13 ವರ್ಣದ 20 ಗದ್ಯಾಣ, 16 ವರ್ಣದ 30 ಗದ್ಯಾಣ ಚಿನ್ನವನ್ನು ತಂದರೆನ್ನೋಣ. ಗುಣಲಬ್ಧಗಳು 100, 260, 480, ಮೊತ್ತ 840. ಅದನ್ನು 60ರಿಂದ ಭಾಗಿಸಿದರೆ 14 ವರ್ಣ. ತೂಕವನ್ನು ಮರೆತು 10, 13, 16ರ ಸರಾಸರಿ ತೆಗೆದರೆ 13 ಮಾತ್ರ. ಈ ಒಂದು ವರ್ಣದ ತಪ್ಪಿನಿಂದ 60 ಗದ್ಯಾಣದ ಗಟ್ಟಿಯಲ್ಲಿ ಮೂರೂ ಮುಕ್ಕಾಲು ಗದ್ಯಾಣ ಅಪ್ಪಟ ಚಿನ್ನದ ಬೆಲೆಯು ಲೆಕ್ಕದಿಂದ ಮಾಯವಾಗುತ್ತದೆ. ಅದನ್ನು ಕಳೆದುಕೊಳ್ಳುವವರು ಗಟ್ಟಿಯನ್ನು ಮಾರುವ ಪಾಲುಗಾರರು; ಅವರಲ್ಲಿ ಅಪ್ಪಟ ಚಿನ್ನ ತಂದವನಿಗೇ ಹೆಚ್ಚಿನ ನಷ್ಟ.

ಇಂದು ಪ್ರೌಢಶಾಲೆಯಲ್ಲಿ ಕಲಿಸುವ ವರ್ಗೀಕೃತ ದತ್ತಾಂಶದ ಸರಾಸರಿಯೂ ಇದೇ ಜಾಡಿನದು. 0–20, 20–40, 40–60 ಅಂಕಗಳ ವರ್ಗಗಳಲ್ಲಿ ಕ್ರಮವಾಗಿ 5, 10, 25 ವಿದ್ಯಾರ್ಥಿಗಳಿದ್ದರೆ, ಮಧ್ಯಬಿಂದುಗಳಾದ 10, 30, 50ನ್ನು ಆವೃತ್ತಿಯಿಂದ ಗುಣಿಸಬೇಕು. ಮೊತ್ತ 1600, 40ರಿಂದ ಭಾಗಿಸಿದರೆ ಸರಾಸರಿ 40. ಇಲ್ಲಿ ಆವೃತ್ತಿಯೇ ತೂಕ, ಮಧ್ಯಬಿಂದುವೇ ವರ್ಣ. ಭೇದವೊಂದುಂಟು: ಚಿನ್ನದ ವರ್ಣವನ್ನು ಒರೆಗಲ್ಲು ತಿಳಿಸುತ್ತದೆ, ಮಧ್ಯಬಿಂದುವಾದರೋ ನಾವು ಕಲ್ಪಿಸಿಕೊಂಡುದು. ಆದುದರಿಂದ ಈ ಸರಾಸರಿಯು ಸಮೀಪದ ಬೆಲೆ ಮಾತ್ರ.

‘ಗಣಿತಸಾರಸಂಗ್ರಹ’ವನ್ನು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಪ್ರಕಟಿಸಿದ ಮೇಲೆ ಅದರ ಕೀರ್ತಿ ಹೊರದೇಶಗಳಿಗೂ ಹಬ್ಬಿತು.

ತೂಕ ಅಳತೆಗಳಲ್ಲಿ ಹೆಚ್ಚುಕಡಮೆ ಮಾಡುವುದನ್ನೂ, ಕಲಬೆರಕೆಯನ್ನೂ ‘ತತ್ತ್ವಾರ್ಥಸೂತ್ರ’ವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ತಕ್ಕಡಿಯು ನೆಟ್ಟಗಿದ್ದರೂ ಲೆಕ್ಕವು ಡೊಂಕಾದರೆ ಒಬ್ಬನ ಪಾಲು ಇನ್ನೊಬ್ಬನಿಗೆ ಹೋಗುತ್ತದೆ. ಯಾರ ಪಾಲೂ ಹಾಗೆ ಹೋಗದಂತೆ ಕಾಯುವ ಸೂತ್ರವನ್ನು ಆಚಾರ್ಯರು ಸಾವಿರ ವರ್ಷಗಳಿಗೂ ಹಿಂದೆಯೇ ವ್ಯವಹಾರಸ್ಥರ ಕೈಗಿತ್ತರು.