ಜಲ್ಲಿಹಾದಿಯ ಸೈಕಲ್ ಸವಾರಿ: ಫ್ರಾನ್ಸ್ ಮತ್ತು ಕರ್ನಾಟಕದಲ್ಲಿ ಅದರ ಇತಿಹಾಸ

ಡಾಂಬರು ಹಾಕದ, ಆದರೆ ಚಕ್ರ ಹೂತುಹೋಗದಷ್ಟು ಗಟ್ಟಿಯಾದ ದಾರಿಗಳಲ್ಲಿ ಕೈಗೊಳ್ಳುವ ದೂರದ ಸೈಕಲ್ ಪಯಣವೇ ಜಲ್ಲಿಹಾದಿಯ ಸವಾರಿ. ಕಾಡಿನ ಕೂಪು ರಸ್ತೆ, ಹೊಲಗಳ ನಡುವಿನ ಗಾಡಿದಾರಿ, ನಾಲೆಯ ಏರಿ, ಹೊಳೆಯ ದಂಡೆ ಇದರ ನೆಲೆಗಳು. ಇದರ ಸೈಕಲ್ಲಿಗೆ ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್ಲು, ಸಾಮಾನ್ಯವಾಗಿ 38ರಿಂದ 45 ಮಿ.ಮೀ. ಅಗಲದ ಟೈರು, ಏರು ಹತ್ತಲು ಹಗುರವಾದ ಗೇರು ಇರುತ್ತವೆ. ಈ ಕ್ರೀಡೆಯ ಚರಿತ್ರೆಯನ್ನು ಸಾಮಾನ್ಯವಾಗಿ ಅಮೆರಿಕದಿಂದ ಶುರುಮಾಡುತ್ತಾರೆ. ಕಾನ್ಸಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ನಡೆದ, ಇಂದು ಅನ್‌ಬೌಂಡ್ ಎಂದು ಕರೆಯುವ 200 ಮೈಲಿಯ ಸ್ಪರ್ಧೆ ಅದರ ಮೊದಲ ಮೈಲಿಗಲ್ಲು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2022ರಲ್ಲಿ ಇಟಲಿಯ ವೆನೆಟೊದಲ್ಲಿ ನಡೆಸಿದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಅದರ ಪಟ್ಟಾಭಿಷೇಕ. ಹೆಸರು ಮತ್ತು ಮಾರುಕಟ್ಟೆಯ ಮಟ್ಟಿಗೆ ಈ ಕಥೆ ಸರಿ. ಸವಾರಿಯ ಮಟ್ಟಿಗೆ ಸರಿಯಲ್ಲ. ಸೈಕಲ್ಲಿನ ಸುಧಾರಣೆಗಿಂತ ಹೆಚ್ಚಾಗಿ ದಾರಿಯ ಹಣೆಬರಹವೇ ಈ ಸವಾರಿಯನ್ನು ಬೆಳೆಸಿದೆ, ಅಳಿಸಿಯೂ ಇದೆ. ಜನರು ತುಳಿದು ಗಟ್ಟಿಮಾಡಿದ, ಯಾರೂ ಮುಚ್ಚುವಂತಿಲ್ಲದ ಮಣ್ಣುದಾರಿ ಎಲ್ಲಿ ಉಳಿಯಿತೋ ಅಲ್ಲಿ ಅದು ಉಳಿಯಿತು. ಡಾಂಬರಿಲ್ಲದ ನೆಲವೊಂದಿದ್ದರೆ ಸಾಲದು. ಮರಳುಗಾಡು ಎಷ್ಟೇ ವಿಸ್ತಾರವಾಗಿದ್ದರೂ ಹಳ್ಳಿಯಿಂದ ಹಳ್ಳಿಗೆ ಹೋಗುವ ಹಳೆಯ ಗಾಡಿದಾರಿಯ ಜಾಲಕ್ಕೆ ಅದು ಸಮನಾಗದು.

ಫ್ರಾನ್ಸಿನಲ್ಲಿ ಈ ಸವಾರಿ ಸೈಕಲ್ಲಿನಷ್ಟೇ ಹಳೆಯದು. 1903ರಲ್ಲಿ ಟೂರ್ ಡಿ ಫ್ರಾನ್ಸ್ ಆರಂಭವಾದಾಗ ಅದರ ಹಾದಿ ಬಹುಮಟ್ಟಿಗೆ ಜಲ್ಲಿ ಮತ್ತು ಮಣ್ಣಿನದು. 1910ರಲ್ಲಿ ಮೊದಲ ಬಾರಿಗೆ ಸ್ಪರ್ಧೆಗೆ ಸೇರಿದ ಪಿರನೀಸ್ ಪರ್ವತದ ಟೂರ್ಮಾಲೆ ಕಣಿವೆಮಾರ್ಗವೂ ಅಂಥದ್ದೇ. 1913ರಲ್ಲಿ ಅದೇ ಟೂರ್ಮಾಲೆಯ ಇಳಿಜಾರಿನಲ್ಲಿ ಯೂಜಿನ್ ಕ್ರಿಸ್ತೊಫ್‌ನ ಮುಂಚಕ್ರದ ಕವಲು ಮುರಿಯಿತು. ಸೈಕಲ್ ಹೊತ್ತು ನಡೆದು ಹಳ್ಳಿಯೊಂದರ ಕುಲುಮೆಯಲ್ಲಿ ತಾನೇ ಬೆಸೆದುಕೊಂಡು ಆತ ಮುಂದೆ ಸಾಗಿದ. ಇಲ್ಲೊಂದು ಆಕ್ಷೇಪ ಏಳುತ್ತದೆ: ಬೇರೆ ದಾರಿಯೇ ಇಲ್ಲದ ಕಾಲದಲ್ಲಿ ಮಣ್ಣಿನ ಮೇಲೆ ಸಾಗಿದ್ದನ್ನು ಇಂದು ಬೇಕೆಂದೇ ಆರಿಸಿಕೊಳ್ಳುವ ಸವಾರಿಯ ಪೂರ್ವಜ ಎನ್ನಬಹುದೇ? ಸ್ಪರ್ಧಾಳುಗಳ ವಿಷಯದಲ್ಲಿ ಈ ಆಕ್ಷೇಪಕ್ಕೆ ತೂಕವಿದೆ. ಆದರೆ ಅವರ ಪಕ್ಕದಲ್ಲೇ ಇನ್ನೊಂದು ಪರಂಪರೆ ಬೆಳೆಯಿತು. ಸೇಂಟ್ ಎತಿಯೆನ್ ನಗರದ ಪಾಲ್ ಡಿ ವಿವಿ (1853–1930) 'ವೆಲೊಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. 1887ರಲ್ಲಿ ಸೈಕಲ್ ಪತ್ರಿಕೆಯೊಂದನ್ನು ಹುಟ್ಟುಹಾಕಿ, ಬೆಟ್ಟಗುಡ್ಡಗಳಲ್ಲಿ ತಿರುಗಲು ಹಲವು ಗೇರುಗಳು ಬೇಕೆಂದು ದಶಕಗಳ ಕಾಲ ವಾದಿಸಿದ. ಟೂರ್ ಡಿ ಫ್ರಾನ್ಸ್ ಗೇರು ಬದಲಿಸುವ ಡಿರೇಲರ್ ಸಾಧನವನ್ನು ಒಪ್ಪಿಕೊಂಡದ್ದು 1937ರಲ್ಲಿ, ಅವನು ತೀರಿಕೊಂಡು ಏಳು ವರ್ಷಗಳ ಮೇಲೆ. ಅವನ ಅನುಯಾಯಿಗಳು ತುಸು ಚಿಕ್ಕ ಚಕ್ರಕ್ಕೆ ದಪ್ಪ ಟೈರು ತೊಡಿಸುವ 650ಬಿ ಅಳತೆಯನ್ನು ನೆಚ್ಚಿಕೊಂಡರು. ಇಂದಿನ ಜಲ್ಲಿಹಾದಿ ಸೈಕಲ್ಲುಗಳಲ್ಲಿ ಅದೇ ಅಳತೆ ಮರಳಿ ಬಂದಿದೆ. 1951–56ರ ನಡುವೆ ಪ್ಯಾರಿಸ್ಸಿನ ಸುತ್ತಣ ಗುಡ್ಡಗಾಡಿನಲ್ಲಿ ವೆಲೊ ಕ್ರಾಸ್ ಕ್ಲಬ್ ಪರಿಸಿಯನ್ ಎಂಬ ಯುವಕರ ತಂಡ ಇಂಥ ಸೈಕಲ್ಲುಗಳನ್ನೇ ಮಾರ್ಪಡಿಸಿ ಓಡಿಸುತ್ತಿತ್ತು. ಡಾಂಬರು ರಸ್ತೆ ಕೈಗೆಟಕುವಂತಿದ್ದಾಗಲೂ ಇವರು ಮಣ್ಣಿಗಿಳಿದರು. ಅದು ಆಯ್ಕೆಯೇ.

ಆ ಆಯ್ಕೆ ಸಾಧ್ಯವಾದದ್ದು ದಾರಿಗಳು ಉಳಿದದ್ದರಿಂದ. ಫ್ರಾನ್ಸಿನ ಹಳ್ಳಿಗಳಲ್ಲಿ 'ಶೆಮಾಂ ರುರಾಲ್' ಎಂಬ ಗ್ರಾಮದಾರಿಗಳಿವೆ. ಇವು ಆಯಾ ಗ್ರಾಮಾಡಳಿತದ ಖಾಸಗಿ ಆಸ್ತಿ, ಆದರೂ ಸಾರ್ವಜನಿಕರ ಓಡಾಟಕ್ಕೆ ತೆರೆದಿರಬೇಕೆಂಬುದು 1959ರಲ್ಲಿ ಸ್ಪಷ್ಟವಾದ ನಿಯಮ. ಎರಡನೇ ಮಹಾಯುದ್ಧದ ನಂತರ ಚೂರುಚೂರು ಹೊಲಗಳನ್ನು ಒಗ್ಗೂಡಿಸುವಾಗ ಇಂಥ ಎಷ್ಟೋ ದಾರಿಗಳು ಉತ್ತು ಹೋದವು. ಉಳಿದವನ್ನು ಕಾಯ್ದ ಕ್ರಮಗಳಲ್ಲಿ ಮುಖ್ಯವಾದುದು 1991ರ ಜನವರಿ 3ರ ಕಾನೂನು. ನಿಸರ್ಗ ಪ್ರದೇಶಗಳಲ್ಲಿ ಸಾರ್ವಜನಿಕ ದಾರಿ ಬಿಟ್ಟು ಮೋಟಾರು ವಾಹನ ನುಗ್ಗಿಸುವುದನ್ನು ಅದು ತಡೆಯಿತು. ನದಿಕಣಿವೆಗಳ ಕಥೆ ಬೇರೆ. ಅಲ್ಲಿ ದೋಣಿಗಳನ್ನು ಕುದುರೆಗಳು ದಡದಿಂದ ಎಳೆಯುತ್ತಿದ್ದ ಕಾಲದ ಹಾದಿಗಳಿದ್ದವು. 1681ರಲ್ಲಿ ಮುಗಿದ ಮಿದಿ ನಾಲೆಯ ದಂಡೆ ಅವುಗಳಲ್ಲಿ ಹೆಸರಾದದ್ದು. 1997ರಲ್ಲಿ ಬರ್ಗಂಡಿಯ ಜೀವ್ರಿ–ಕ್ಲೂನಿ ನಡುವಿನ ಹಳೆಯ ರೈಲುಹಾದಿ ನಡೆಯುವವರಿಗೂ ಸೈಕಲ್ಲಿಗರಿಗೂ ಮೀಸಲಾದ 'ಹಸಿರು ಹಾದಿ'ಯಾಯಿತು. ಲ್ವಾರ್ ನದಿಯ ಗುಂಟ ಸಾಗುವ ಸೈಕಲ್ ಮಾರ್ಗ ಇಂದು ಸುಮಾರು 900 ಕಿ.ಮೀ. ಉದ್ದವಿದೆ, ಅದರ ಕೆಲ ಭಾಗಗಳು ಇನ್ನೂ ಮಣ್ಣಿನವೇ. ಸ್ಪರ್ಧೆಗಳು ಈ ದಾರಿಗಳಿಗೆ ತಡವಾಗಿ ಮರಳಿದವು. ಬ್ರಿಟನಿಯ ಹೊಲದಾರಿಗಳ ಟ್ರೊ ಬ್ರೊ ಲೆಯೊನ್ 1984ರಲ್ಲಿ ಶುರುವಾಯಿತು. ಬ್ರೆಟನ್ ಭಾಷೆಯ ಶಾಲೆಗೆ ಹಣ ಕೂಡಿಸಲು ಹುಟ್ಟಿದ ಸ್ಪರ್ಧೆ ಅದು ಎಂಬುದನ್ನು ಕನ್ನಡ ಶಾಲೆಗಳ ಬಗ್ಗೆ ಕಾಳಜಿಯಿರುವ ಓದುಗರು ಗಮನಿಸಬೇಕು. 2018ರಿಂದ ಪ್ಯಾರಿಸ್–ಟೂರ್ಸ್ ಸ್ಪರ್ಧೆ ದ್ರಾಕ್ಷಿತೋಟಗಳ ಜಲ್ಲಿದಾರಿಯನ್ನು ಸೇರಿಸಿಕೊಂಡಿತು. 2024ರ ಟೂರ್ ಡಿ ಫ್ರಾನ್ಸ್‌ನ ಒಂಬತ್ತನೇ ಹಂತದಲ್ಲಿ ಟ್ರ್ವಾ ನಗರದ ಸುತ್ತ 14 ಬಿಳಿಜಲ್ಲಿ ತುಂಡುಗಳಿದ್ದು, ಒಟ್ಟು ಸುಮಾರು 32 ಕಿ.ಮೀ. ಆಗಿತ್ತು, ಗೆದ್ದವರು ಫ್ರಾನ್ಸಿನ ಆಂಟನಿ ತುರ್ಜಿ. 2022ರ ಮೊದಲ ವಿಶ್ವ ಚಾಂಪಿಯನ್‌ಷಿಪ್ಪಿನ ಮಹಿಳಾ ಕಿರೀಟವೂ ಫ್ರಾನ್ಸಿನ ಪೋಲಿನ್ ಫೆರಾಂ ಪ್ರೆವೊ ಅವರದೇ.

ಕರ್ನಾಟಕದಲ್ಲಿ ಈ ಸವಾರಿಗೆ ಹೆಸರಿರಲಿಲ್ಲ, ಸವಾರರು ಧಾರಾಳವಾಗಿದ್ದರು. ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಕಾಲದಲ್ಲಿ (1834–61) ಮೈಸೂರು ಸೀಮೆಯಲ್ಲಿ ಹಾಸಿದ ರಸ್ತೆಗಳು ಜಲ್ಲಿ ಮತ್ತು ಮೊರಂ ಮಣ್ಣಿನವು. ಮುಂದೆ ಊರೂರಿಗೆ ಬಂದ ಹರ್ಕ್ಯುಲಿಸ್, ರ‍್ಯಾಲಿ, ಅಟ್ಲಾಸ್, ಹೀರೊ ಸೈಕಲ್ಲುಗಳು ಈ ನೆಲಕ್ಕೆ ಹೇಳಿ ಮಾಡಿಸಿದಂತಿದ್ದವು. ಅವುಗಳ 28×1½ ಅಳತೆಯ ಟೈರಿನ ಅಗಲ ಸುಮಾರು 40 ಮಿ.ಮೀ. ಹೊಸ ಶೋಧವೆಂದು ಇಂದು ಮಾರುವ ಜಲ್ಲಿಹಾದಿ ಟೈರಿನ ಅಗಲವೂ ಅಷ್ಟೇ. ಅಂಚೆಯವರು, ಹಾಲಿನವರು, ಬಟ್ಟೆಗಂಟು ಹೊತ್ತ ವ್ಯಾಪಾರಿಗಳು, ಹಳ್ಳಿ ಶಾಲೆಯ ಮೇಷ್ಟ್ರುಗಳು ಗಾಡಿಜಾಡಿನಲ್ಲಿ ದಿನವೂ ಮೈಲಿಗಟ್ಟಲೆ ಪೆಡಲು ತುಳಿದರು. ಅದು ಹೊಟ್ಟೆಪಾಡು, ಕ್ರೀಡೆಯಲ್ಲ ಎನ್ನುವವರಿಗೆ ಉತ್ತರ ಬಯಲುಸೀಮೆಯಲ್ಲಿದೆ. ರಾಷ್ಟ್ರೀಯ ಮಟ್ಟದ ಸೈಕ್ಲಿಸ್ಟರನ್ನು ಕರ್ನಾಟಕಕ್ಕೆ ಹೆಚ್ಚಾಗಿ ಕೊಟ್ಟದ್ದು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತ ಮನೆತನಗಳು. ಕ್ರೀಡಾ ಇಲಾಖೆ ಸೈಕ್ಲಿಂಗಿಗಾಗಿ ನಿಲಯಗಳನ್ನು ತೆರೆದದ್ದೂ ಅಲ್ಲಿಯೇ. ದುಡಿಮೆಯ ಸವಾರಿಗೂ ಆಟದ ಸವಾರಿಗೂ ನಡುವೆ ಗೋಡೆಯಿದ್ದಿದ್ದರೆ ಹೀಗಾಗುತ್ತಿರಲಿಲ್ಲ. 2006–07ರಿಂದ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಹಂಚಿದ ಸೈಕಲ್ಲುಗಳೂ ಓಡಿದ್ದು ಬಹಳಷ್ಟು ಮಣ್ಣುರಸ್ತೆಗಳ ಮೇಲೆ. ನಗರದ ಹವ್ಯಾಸಿಗಳು ಮಾತ್ರ ಬೇರೆ ದಿಕ್ಕಿನಿಂದ ಬಂದರು. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲ್‌ಗಿರೀಸ್ ಡಾಂಬರು ರಸ್ತೆಯ ಯಾತ್ರೆ. ಮಣ್ಣು ಬೇಕೆಂದ ಬೆಂಗಳೂರಿಗರು ಕನಕಪುರ ರಸ್ತೆಯ ಕಡೆಯ ತುರಹಳ್ಳಿ ಕಾಡನ್ನು ಹುಡುಕಿಕೊಂಡರು.

ಕಾಡಿನ ವಿಷಯಕ್ಕೆ ಬಂದಾಗ ಫ್ರಾನ್ಸಿನ ಮಾದರಿ ಇಲ್ಲಿ ಒಗ್ಗುವುದಿಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ಅಲ್ಲಿನ ಸರ್ಕಾರಿ ಕಾಡುಗಳ ಬಹುಪಾಲು ದಾರಿಗಳಲ್ಲಿ ಸವಾರ ಎಚ್ಚರ ವಹಿಸಬೇಕಾದದ್ದು ಬೇಟೆಯ ಋತುವಿನಲ್ಲಿ, ಬಂದೂಕಿನವರ ಬಗ್ಗೆ. ಇಲ್ಲಿ 2023ರ ಗಣತಿ ಅಂದಾಜಿನಂತೆ 6,395 ಆನೆಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ; ಬಂಡೀಪುರ, ನಾಗರಹೊಳೆ, ಭದ್ರಾ ಕಾಡುಗಳ ಒಳದಾರಿಗಳು ಸೈಕಲ್ಲಿಗೆ ತೆರೆಯಬಾರದವು. ಹಾಗಾಗಿ ಕರ್ನಾಟಕದ ಜಲ್ಲಿಹಾದಿ ನಿಜವಾಗಿ ಸಿಗುವುದು ಕಾವೇರಿ, ತುಂಗಭದ್ರಾ, ಕೃಷ್ಣಾ ಕಣಿವೆಗಳ ನಾಲೆ ಏರಿಗಳಲ್ಲಿ, ಕಾಫಿ ಸೀಮೆಯ ಊರದಾರಿಗಳಲ್ಲಿ, ಬಯಲಿನ ಗಾಡಿಜಾಡಿನಲ್ಲಿ. ಏರಿಗಳೂ ಅಪಾಯವಿಲ್ಲದವಲ್ಲ: 2018ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ತಡೆಗೋಡೆಯಿಲ್ಲದ ಏರಿಯನ್ನು ಮೋಟಾರು ವಾಹನಗಳಿಗೆ ಬಿಟ್ಟುಕೊಡಬಾರದೆಂಬ ವಾದಕ್ಕೆ ಆ ದುರಂತ ಬಲ ಕೊಡುತ್ತದೆ. ನಡೆಯುವವರಿಗೆ, ಸೈಕಲ್ಲಿಗರಿಗೆ ಅದನ್ನು ಮೀಸಲಿಡುವ ಬೇಡಿಕೆಗೂ ಅಷ್ಟೇ ಬಲ ಕೊಡುತ್ತದೆ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಹಳ್ಳಿಗಳಿಗೆ ಡಾಂಬರು ತಂದಿತು. ಬಸ್ಸು, ಆಂಬುಲೆನ್ಸು ಬರಲು ಅದು ಬೇಕೇ ಬೇಕು. ಸವಾರರ ಸುಖಕ್ಕಾಗಿ ಹಳ್ಳಿಯವರು ಕೆಸರಿನಲ್ಲಿರಲಿ ಎಂದು ಯಾರೂ ಕೇಳಲಾಗದು. ದಾರಿಗಳನ್ನು ಕಸಿದದ್ದು ಆ ಡಾಂಬರಲ್ಲ. ಗ್ರಾಮ ನಕಾಶೆಯಲ್ಲಿ ಚುಕ್ಕೆಗೆರೆಯಾಗಿ ಮೂಡಿರುವ, ಹಳ್ಳಿಗರು 'ನಕಾಶೆ ಕಂಡ ದಾರಿ' ಎನ್ನುವ ಬಂಡಿದಾರಿಗಳು ಒತ್ತುವರಿಯಾಗಿ ಹೊಲಗಳೊಳಗೆ ಸೇರಿಹೋಗುತ್ತಿವೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ದಾರಿಗಳೆಲ್ಲ ಸರ್ಕಾರದ ಸ್ವತ್ತು. ಫ್ರಾನ್ಸಿನ ಗ್ರಾಮದಾರಿಗಿರುವ ರಕ್ಷಣೆಗೆ ಸಮನಾದ ಕಾನೂನು ಇಲ್ಲಿಯೂ ಇದೆ. ಆದರೆ ತಹಶೀಲ್ದಾರರು ಅವನ್ನು ತೆರವು ಮಾಡಿಸುವುದು ಬಹುಮಟ್ಟಿಗೆ ಹೊಲಕ್ಕೆ ದಾರಿಯಿಲ್ಲದ ರೈತ ಅರ್ಜಿ ಹಾಕಿದಾಗ. ಈ ನಾಡಿನ ಜಲ್ಲಿಹಾದಿಯ ಸವಾರಿ ಇಂದು ಆ ಅರ್ಜಿಗಳ ಆಸರೆಯಲ್ಲೇ ಉಳಿದಿದೆ.