ಬಿಸಾಡಲೆಂದೇ ಅಚ್ಚಾದ ಕಾಗದಗಳು

1927ರಲ್ಲಿ ಎಂ.ಜಿ.ಎಂ. ಸಂಸ್ಥೆಯು 'ಲಂಡನ್ ಆಫ್ಟರ್ ಮಿಡ್‌ನೈಟ್' ಎಂಬ ಮೂಕಿಚಿತ್ರವನ್ನು ತೆರೆಗೆ ತಂದಿತು. ನಿರ್ದೇಶಕರು ಟಾಡ್ ಬ್ರೌನಿಂಗ್, ಮುಖ್ಯ ಪಾತ್ರಧಾರಿ ಲಾನ್ ಚೇನಿ. ಆ ಚಿತ್ರದ ಕೊನೆಯ ಪ್ರತಿಯು 1960ರ ದಶಕದಲ್ಲಿ ಸ್ಟುಡಿಯೋದ ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ನಾಶವಾಯಿತೆಂದು ನಂಬಲಾಗಿದೆ. ಆದರೆ ಚಿತ್ರಮಂದಿರದ ಮುಂದೆ ಅಂಟಿಸಲೆಂದು ಅಚ್ಚುಹಾಕಿಸಿದ್ದ ಅದರ ಒಂದು ಭಿತ್ತಿಪತ್ರ ಉಳಿದುಕೊಂಡಿತು. 2014ರಲ್ಲಿ ಅದು ಹರಾಜಿನಲ್ಲಿ 4,78,000 ಡಾಲರುಗಳಿಗೆ ಮಾರಾಟವಾಯಿತು. ಸರಕು ಹೋಗಿ ಅದರ ಜಾಹೀರಾತು ಉಳಿದ ಈ ವಿಪರ್ಯಾಸವೇ ಹಾಲಿವುಡ್ಡಿನ ಹಳೆಯ ಪ್ರಚಾರ ಸಾಮಗ್ರಿಯ ಇತಿಹಾಸದತ್ತ ನಮ್ಮ ಗಮನವನ್ನು ಸೆಳೆಯಿತು.

ಹಾಲಿವುಡ್ಡಿನ ಸುವರ್ಣಯುಗವೆಂದು ಕರೆಯಲಾಗುವ ಕಾಲದಲ್ಲಿ ಪ್ರತಿಯೊಂದು ಚಿತ್ರಕ್ಕೂ ನಾನಾ ಅಳತೆಯ ಕಾಗದಗಳು ಸಿದ್ಧವಾಗುತ್ತಿದ್ದವು. ಇವುಗಳಲ್ಲಿ ಮುಖ್ಯವಾದುದು 27 ಅಂಗುಲ ಅಗಲ, 41 ಅಂಗುಲ ಎತ್ತರದ 'ಒನ್ ಶೀಟ್'. ಚಿತ್ರಮಂದಿರದ ಒಳಾಂಗಣದಲ್ಲಿ ತೂಗುಹಾಕಲು 11 ಮತ್ತು 14 ಅಂಗುಲ ಅಳತೆಯ ಲಾಬಿ ಕಾರ್ಡುಗಳಿದ್ದವು. ಸಾಮಾನ್ಯವಾಗಿ ಒಂದು ಕಟ್ಟಿನಲ್ಲಿ ಎಂಟು. ಅಂಗಡಿಗಳ ಕಿಟಕಿಗೆಂದು ವಿಂಡೋ ಕಾರ್ಡು, ಪತ್ರಿಕೆಗಳಿಗೆಂದು ಸ್ಥಿರಚಿತ್ರಗಳು, ಚಿತ್ರಮಂದಿರದ ಮಾಲೀಕನಿಗೆಂದು ಪ್ರೆಸ್‌ಬುಕ್ ಬರುತ್ತಿದ್ದವು. ಪ್ರೆಸ್‌ಬುಕ್ಕಿನಲ್ಲಿ ಕಥಾಸಾರ, ತಾರಾಗಣ, ಜಾಹೀರಾತಿನ ಮಾದರಿಗಳು, ಜನರನ್ನು ಸೆಳೆಯುವ ಉಪಾಯಗಳು ಎಲ್ಲವೂ ಇರುತ್ತಿದ್ದವು. ಮಾಲೀಕರು ಅದರ ಪುಟಗಳನ್ನೇ ಕತ್ತರಿಸಿ ಪತ್ರಿಕೆಗೆ ಕಳುಹಿಸುತ್ತಿದ್ದುದರಿಂದ ಇಡಿಯಾಗಿ ಉಳಿದ ಪ್ರತಿಗಳು ವಿರಳ.

ಆ ಕಾಲದ ಅನೇಕ ಭಿತ್ತಿಪತ್ರಗಳು ಕಲ್ಲಚ್ಚಿನಲ್ಲಿ ಮೂಡಿದವು. ಕ್ಲೀವ್‌ಲ್ಯಾಂಡಿನ ಮಾರ್ಗನ್ ಲಿಥೋಗ್ರಾಫ್ ಸಂಸ್ಥೆ ಈ ಕೆಲಸಕ್ಕೆ ಹೆಸರಾಗಿತ್ತು. ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಅಚ್ಚೊತ್ತಿ ಪಡೆದ ಆ ವರ್ಣಸಮೃದ್ಧಿ ಮುಂದಿನ ದಶಕಗಳ ಅಚ್ಚಿನಲ್ಲಿ ಕಾಣದು. ಆದರೂ ಅದನ್ನು ಬಿಡಿಸಿದ ಬಹುಪಾಲು ಕಲಾವಿದರು ತಮ್ಮ ಕೃತಿಗೆ ಸಹಿ ಹಾಕಿದವರಲ್ಲ; ಅವರ ಹೆಸರುಗಳು ಹಾಳೆಯೊಡನೆ ಉಳಿಯಲಿಲ್ಲ.

ಉಳಿಯಲು ಆ ಹಾಳೆಗಳಿಗೂ ಅವಕಾಶವಿರಲಿಲ್ಲ. ಚಿತ್ರ ಬದಲಾದೊಡನೆ ಹಳೆಯದರ ಮೇಲೆ ಹೊಸದನ್ನು ಅಂಟಿಸಲಾಗುತ್ತಿತ್ತು. 1940ರ ಸುಮಾರಿನಿಂದ ಹೆಚ್ಚಿನ ಸ್ಟುಡಿಯೋಗಳ ಸಾಮಗ್ರಿಯನ್ನು ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಸಂಸ್ಥೆಯು ವಿತರಿಸತೊಡಗಿತು. ಹಾಳೆಯ ಒಡೆತನ ತನ್ನದೇ, ಪ್ರದರ್ಶನ ಮುಗಿದ ಕೂಡಲೇ ಹಿಂದಿರುಗಿಸಬೇಕು ಎಂಬ ಷರತ್ತನ್ನು ಅದು ಭಿತ್ತಿಪತ್ರದ ಅಂಚಿನಲ್ಲೇ ಅಚ್ಚುಹಾಕಿಸುತ್ತಿತ್ತು. ಹಿಂದಿರುಗಿದ ಹಾಳೆಗಳು ಇನ್ನೊಂದು ಊರಿಗೆ, ಮತ್ತೊಂದು ಊರಿಗೆ ಹೋಗಿ ಕೊನೆಗೆ ಹರಿದುಹೋಗುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ನಡೆದ ರದ್ದಿ ಕಾಗದದ ಸಂಗ್ರಹವೂ ಬಹಳಷ್ಟನ್ನು ನುಂಗಿತು. ಹೀಗಾಗಿ ಇಂದು ನಮಗೆ ದೊರೆತಿರುವುದರಲ್ಲಿ ಹೆಚ್ಚಿನವು ಯಾರೋ ಷರತ್ತನ್ನು ಮುರಿದದ್ದರಿಂದ, ಅಥವಾ ಯಾರೋ ಎಸೆಯಲು ಮರೆತದ್ದರಿಂದ ಉಳಿದವು.

ಈ ಮಾತಿಗೆ ಎರಡು ನಿದರ್ಶನಗಳನ್ನು ಕೊಡಬಹುದು. ಪೆನ್ಸಿಲ್ವೇನಿಯಾದ ಬರ್ವಿಕ್ ಎಂಬ ಊರಿನ ಮನೆಯೊಂದರ ಅಟ್ಟದಲ್ಲಿ, ಗೋಡೆಕಾಗದದ ಅಂಟಿನಿಂದ ಒಂದರ ಮೇಲೊಂದು ಅಂಟಿಕೊಂಡ 33 ಭಿತ್ತಿಪತ್ರಗಳ ದಪ್ಪ ಕಟ್ಟು ಸಿಕ್ಕಿತು. ಪದರ ಪದರವಾಗಿ ಬಿಡಿಸಿದಾಗ 1931ರ 'ಡ್ರಾಕುಲಾ', 'ಸಿಮರಾನ್' ಮೊದಲಾದವು ಹೊರಬಂದವು. 2012ರ ಹರಾಜಿನಲ್ಲಿ ಅವುಗಳಿಗೆ ಒಟ್ಟು ಐದು ಲಕ್ಷ ಡಾಲರಿಗೂ ಹೆಚ್ಚಿನ ಬೆಲೆ ಬಂದಿತು.

ಎರಡನೆಯದು ರೋಚೆಸ್ಟರ್ ನಗರದ್ದು. ಅಲ್ಲಿಯ ಈಸ್ಟ್‌ಮನ್ ಥಿಯೇಟರಿಗೆಂದು 1924ರಿಂದ 1928ರವರೆಗೆ ಬಟಿಸ್ಟ್ ಮಡಲೇನಾ ಎಂಬ ಕಲಾವಿದ ಸುಮಾರು 1,400 ಭಿತ್ತಿಪತ್ರಗಳನ್ನು ಕೈಯಿಂದಲೇ ಬರೆದುಕೊಟ್ಟಿದ್ದ. ಅಚ್ಚಿಲ್ಲದ ಕಾರಣ ಪ್ರತಿಯೊಂದೂ ಒಂದೇ ಒಂದು. ಚಿತ್ರಮಂದಿರ ಬೇರೆಯವರ ಕೈಗೆ ಹೋದ ಮೇಲೆ, ಒಂದು ಮಳೆಯ ದಿನ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ಆತ ತನ್ನ ಚಿತ್ರಗಳು ಕಸದೊಡನೆ ಹೊರಗೆ ಬಿದ್ದು ನೆನೆಯುತ್ತಿರುವುದನ್ನು ಕಂಡ. ಆರಿಸಿ ಮನೆಗೆ ತಂದು ಒಣಗಿಸಿಟ್ಟದ್ದು 200ಕ್ಕೂ ಹೆಚ್ಚು, ಉಳಿದವು ಹೋದವು. 2008ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ಅವುಗಳ ಪ್ರದರ್ಶನವನ್ನು ಏರ್ಪಡಿಸಿತು. ತನ್ನ ಕೃತಿಗಳಿಗೆ ಮೊದಲ ಸಂಗ್ರಾಹಕ ಆ ಕಲಾವಿದನೇ ಆಗಬೇಕಾಯಿತು.

ಸಂಗ್ರಹದ ಹವ್ಯಾಸವನ್ನು ಹಣವಂತರ ಚಪಲವೆಂದು ತಳ್ಳಿಹಾಕುವವರಿದ್ದಾರೆ. ಬೆಲೆಗಳನ್ನು ನೋಡಿದರೆ ಹಾಗೆನಿಸುವುದು ಸಹಜವೇ. ಯೂನಿವರ್ಸಲ್ ಸಂಸ್ಥೆಯ 'ದಿ ಮಮ್ಮಿ' ಚಿತ್ರದ ಭಿತ್ತಿಪತ್ರವೊಂದಕ್ಕೆ 1997ರಲ್ಲಿ 4,53,500 ಡಾಲರು, 'ಡ್ರಾಕುಲಾ'ದ ಇನ್ನೊಂದು ಮಾದರಿಗೆ 2017ರಲ್ಲಿ 5,25,800 ಡಾಲರು ಬಂದವು. ಇಷ್ಟು ಹಣ ಓಡಾಡುವೆಡೆ ಮೋಸವೂ ಕಾಲಿಡುತ್ತದೆ. ಹಳೆಯ ಕಾಗದದ ಮೇಲೆ ನಕಲಿ ಅಚ್ಚುಮಾಡಿ ಮಾರಿದ ಪ್ರಕರಣವೊಂದು ಅಮೆರಿಕದ ನ್ಯಾಯಾಲಯದವರೆಗೂ ಹೋಯಿತು. ಆದ್ದರಿಂದ ಬಲ್ಲ ಸಂಗ್ರಾಹಕ ಮೊದಲು ಚಿತ್ರವನ್ನಲ್ಲ, ಕಾಗದವನ್ನು ನೋಡುತ್ತಾನೆ. ಅಳತೆ ಸರಿಯಿದೆಯೇ? ಅಂದು ಒನ್ ಶೀಟುಗಳು ಮಡಚಿಯೇ ಬರುತ್ತಿದ್ದವು, ಮಡಿಕೆಯ ಗುರುತಿದೆಯೇ? ಅಂಚಿನ ಸಂಖ್ಯೆ ಏನು ಹೇಳುತ್ತದೆ? ನ್ಯಾಷನಲ್ ಸ್ಕ್ರೀನ್ ಸರ್ವಿಸ್‌ನ ಹಾಳೆಗಳಲ್ಲಿ ಓರೆಗೆರೆಯ ಎಡಕ್ಕೆ ವರ್ಷ, ಬಲಕ್ಕೆ ಚಿತ್ರದ ಕ್ರಮಸಂಖ್ಯೆ ಇರುತ್ತದೆ. ಮರುಬಿಡುಗಡೆಯದಾದರೆ ಮುಂದೆ 'ಆರ್' ಅಕ್ಷರವಿರುತ್ತದೆ.

ಬೆಲೆಯ ಮಾತನ್ನು ಬದಿಗಿಟ್ಟರೂ ಈ ಕಾಗದಗಳ ಮಹತ್ತ್ವ ಕುಗ್ಗುವುದಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1912ರಿಂದ 1929ರವರೆಗೆ ಅಲ್ಲಿ ತೆರೆಕಂಡ ಸುಮಾರು 11,000 ಪೂರ್ಣಾವಧಿ ಮೂಕಿಚಿತ್ರಗಳಲ್ಲಿ ಮೂಲ ರೂಪದಲ್ಲಿಯೇ ಪೂರ್ಣವಾಗಿ ಉಳಿದಿರುವುದು ಕೇವಲ ಶೇಕಡಾ 14. ಉರಿಯುವ ಗುಣದ ನೈಟ್ರೇಟ್ ಫಿಲಂ, ಸ್ಟುಡಿಯೋಗಳ ಉದಾಸೀನ, ಇವೆರಡೂ ಸೇರಿ ಮಿಕ್ಕುದನ್ನು ಅಳಿಸಿದವು. ಅಳಿದ ಚಿತ್ರ ಹೇಗಿತ್ತೆಂದು ತಿಳಿಯಲು ನಮಗಿರುವ ದಾರಿ ಸ್ಥಿರಚಿತ್ರ, ಲಾಬಿ ಕಾರ್ಡು, ಪ್ರೆಸ್‌ಬುಕ್ಕುಗಳೇ. 'ಲಂಡನ್ ಆಫ್ಟರ್ ಮಿಡ್‌ನೈಟ್' ಚಿತ್ರವನ್ನು 2002ರಲ್ಲಿ ಸ್ಥಿರಚಿತ್ರಗಳನ್ನು ಜೋಡಿಸಿಯೇ ಮುಕ್ಕಾಲು ಗಂಟೆಯ ರೂಪದಲ್ಲಿ ಪುನಾರಚಿಸಲಾಯಿತು. ಬೆವರ್ಲಿ ಹಿಲ್ಸಿನ ಮಾರ್ಗರೆಟ್ ಹೆರಿಕ್ ಗ್ರಂಥಾಲಯವು ಇಂತಹ ಒಂದು ಕೋಟಿಗೂ ಹೆಚ್ಚು ಛಾಯಾಚಿತ್ರಗಳನ್ನು ಕಾಪಾಡಿಕೊಂಡಿದೆ. ಆದರೆ ಸಂಸ್ಥೆಗಳು ಎಚ್ಚರಗೊಳ್ಳುವ ಮೊದಲು ಅವನ್ನು ಪೆಟ್ಟಿಗೆಗಳಲ್ಲಿ ಇಟ್ಟುಕೊಂಡವರಲ್ಲಿ ಬಹುಮಂದಿ ಹವ್ಯಾಸಿಗಳೇ.

ಈ ನಷ್ಟ ನಮಗೂ ಹೊರತಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ಅದು ತಯಾರಾದದ್ದು ಕನ್ನಡ ನಾಡಿನ ಹೊರಗೆ, ಕೊಲ್ಲಾಪುರದಲ್ಲಿ. ಅದರ ಪ್ರತಿ ಇಂದು ಲಭ್ಯವಿಲ್ಲ. ಆ ಚಿತ್ರವನ್ನು ನಾವು ಬಲ್ಲುದು ಕೆಲವು ಸ್ಥಿರಚಿತ್ರಗಳಿಂದ ಮತ್ತು ಬರಹಗಳಿಂದ ಮಾತ್ರ. ಹಳೆಯ ಚಿತ್ರಗಳ ಹಾಡಿನ ಪುಸ್ತಕಗಳು, ಕರಪತ್ರಗಳು ಮುಂಬಯಿ, ಪುಣೆ, ಮದರಾಸುಗಳಲ್ಲಿ ನೆಲೆಸಿದ ಕುಟುಂಬಗಳ ಟ್ರಂಕುಗಳಲ್ಲಿ ಇನ್ನೂ ಇರಬಹುದು. ಮನೆ ಬದಲಾಯಿಸುವಾಗ, ಹಿರಿಯರು ತೀರಿಕೊಂಡ ಮೇಲೆ ಕಪಾಟನ್ನು ಬರಿದುಮಾಡುವಾಗ, ಅವು ಮೊದಲು ರದ್ದಿಯವನ ತಕ್ಕಡಿಗೆ ಹೋಗುತ್ತವೆ. ಆ ಕಟ್ಟನ್ನು ಕೊಡುವ ಮುನ್ನ ಒಮ್ಮೆ ಬಿಚ್ಚಿ ನೋಡಬೇಕೆಂದು ನಮ್ಮ ಓದುಗರಲ್ಲಿ ವಿನಂತಿಸಿಕೊಳ್ಳುತ್ತೇವೆ.